ಮುಂದಕ್ಕೆ ಎಳೆದ ಸೀಟು

ಹಿಡಿಕೆಗೆ ಬೆರಳು ತಾಗಿದರೆ ಸಾಕು, ಆ ಕಾರು ಮಡಚಿಕೊಂಡಿದ್ದ ಎರಡೂ ಕನ್ನಡಿಗಳನ್ನು ಮೆಲ್ಲಗೆ ಬಿಚ್ಚುತ್ತಿತ್ತು. ಮಲಗಿದ ಹಸು ಗುರುತಿನ ಹೆಜ್ಜೆ ಕೇಳಿ ಕಿವಿ ನಿಮಿರಿಸಿದ ಹಾಗೆ. ಕೀಲಿಯನ್ನು ಜೇಬಿನಿಂದ ತೆಗೆಯುವುದೇ ಬೇಡ ಎಂಬುದು ನಮ್ಮ ಭಾವನಿಗೆ ದೊಡ್ಡ ಹೆಮ್ಮೆ. ಬಂದವರನ್ನೆಲ್ಲ ಅಂಗಳಕ್ಕೆ ಕರೆದೊಯ್ದು, ಕೋಟಿನ ಜೇಬು ತಟ್ಟಿ ತೋರಿಸಿ, ಹಿಡಿಕೆ ಮುಟ್ಟಿ ನಗುತ್ತಿದ್ದರು.

ಭಾವ ಗುರುಪಾದಪ್ಪನವರು ಊರಿನ ಹೆಸರಾಂತ ವಕೀಲರು. ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನು ಆಗ ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ನನ್ನಕ್ಕ ನೀಲಾಂಬಿಕೆ ಗಿಡ್ಡ ಆಳು, ಮಾತು ಕಡಿಮೆ. ಕಾರು ಬಂದ ಹೊಸದರಲ್ಲಿ ಒಮ್ಮೆ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, "ನಾನೂ ಓಡಿಸೋದು ಕಲೀಲೇನ್ರೀ?" ಎಂದು ಕೇಳಿದ್ದಳು. "ಮೊದ್ಲು ನಿನ್ನ ಕಾಲು ಬ್ರೇಕಿಗೆ ಎಟುಕ್ಲಿ ತಡಿ" ಎಂದು ಭಾವ ನಕ್ಕರು. ಪಂಕ್ತಿಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ.

ಕಾರು ಓಡಿಸಲು ಕೊಟ್ರೇಶಿ ಇದ್ದ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ, ನಿಧಾನದ ಮನುಷ್ಯ. ಮಧ್ಯಾಹ್ನ ಭಾವನನ್ನು ಕೋರ್ಟಿನಿಂದ ಕರೆತಂದು, ಕೀಲಿ ಒಪ್ಪಿಸಿ, ಊಟಕ್ಕೆ ತನ್ನ ಮನೆಗೆ ಹೋಗುತ್ತಿದ್ದ. ಸಂಜೆ ಮತ್ತೆ ಬರುತ್ತಿದ್ದ.

ಕೆಲವು ಕಾಲದ ಮೇಲೆ ಭಾವನಿಗೆ ಅನುಮಾನ ಶುರುವಾಯಿತು. ತಾವೇ ಭದ್ರ ಮಾಡಿ ಬಂದ ಕಾರು ಮಧ್ಯಾಹ್ನದ ನಿದ್ದೆಯಿಂದೆದ್ದು ನೋಡಿದರೆ ತೆರೆದಿರುತ್ತಿತ್ತು. ಚಾಲಕನ ಸೀಟು ಮುಂದಕ್ಕೆ ಸರಿದಿರುತ್ತಿತ್ತು. ಒಂದು ಸಂಜೆ ಅವರು ಕೊಟ್ರೇಶಿಯನ್ನು ಜಗಲಿಯ ಕೆಳಗೆ ನಿಲ್ಲಿಸಿಕೊಂಡರು.

"ಕಳ್ಳ ಕೀಲಿ ಮಾಡಿಸಿಟ್ಕೊಂಡೀಯೇನಪ್ಪಾ? ಯಾರಿಗೆ ಡ್ರೈವಿಂಗ್ ಕಲಿಸ್ತಿದ್ದೀಯ ನನ್ನ ಗಾಡೀಲಿ?"

"ಇಲ್ರೀ ಸರ್. ನಾನು ಊಟಕ್ಕೆ ಹೋದೋನು ಈಗ್ಲೇ ಬರಾಕತ್ತೀನಿ. ಸೀಟು ಅಷ್ಟು ಮುಂದಿದ್ರೆ ನಾನು ಮೊಣಕಾಲು ಎಲ್ಲಿಡ್ಲಿ ಹೇಳ್ರಿ."

"ಅದನ್ನೇ ನಾನೂ ಕೇಳೋದು. ಕೂರೋನು ನೀನಲ್ಲ, ನೀನು ಕೂರಿಸಿದೋರು. ನಾಳೆಯಿಂದ ಬರಬೇಡ."

ಎದುರುಮನೆಯವರು ಕಾಂಪೌಂಡಿನ ಬಳಿ ನಿಂತು ಕೇಳಿಸಿಕೊಂಡರು. ಕೊಟ್ರೇಶಿ ನಿಧಾನಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ವಕೀಲರ ಕಾರಿಗೆ ಕಳ್ಳ ಕೀಲಿ ಮಾಡಿಸಿದವನೆಂಬ ಮಾತು ಊರಲ್ಲಿ ಹಬ್ಬಿತು. ಆಮೇಲೆ ಅವನನ್ನು ಅಲ್ಲಿ ಯಾರೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಅವನ ಹೆಂಡತಿ ನೀರು ತುಂಬಲು ನಲ್ಲಿಯ ಹತ್ತಿರ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಾರೆಂದು ನನಗೆ ಕಾಲೇಜಿನಲ್ಲಿ ಯಾರೋ ಹೇಳಿದರು. ಅದನ್ನು ಮನೆಯಲ್ಲಿ ಹೇಳಿದಾಗ ಅಕ್ಕ ತಟ್ಟೆಯ ಮುಂದಿನಿಂದ ಎದ್ದು ಕೈ ತೊಳೆದಳು.

ಭಾವನ ಕೋಪ ಅಷ್ಟಕ್ಕೇ ಆರಲಿಲ್ಲ. ಆ ಕಳ್ಳ ಕೀಲಿ ಕೆಲಸಕ್ಕೆ ಬಾರದಂತೆ ಮಾಡಬೇಕೆಂದು ಕಾರು ಮಾರಿದವರಿಗೆ ಹೇಳಿ ಕಳಿಸಿದರು. ಜಾಹ್ನವಿ ಎಂಬ ಇಂಜಿನಿಯರ್ ಹುಡುಗಿ ಬಂದಳು. ಯಂತ್ರವೊಂದನ್ನು ಕಾರಿಗೆ ಜೋಡಿಸಿ ನೋಡಿ, "ಸರ್, ಈ ಕೀಯನ್ನ ಅಂಗಡೀಲಿ ಉಜ್ಜಿ ನಕಲಿ ಮಾಡೋಕಾಗಲ್ಲ. ಹೊಸದು ಮಾಡಿಸಿದ್ರೆ ಗಾಡಿಗೇ ಅದರ ಗುರುತು ಹೇಳಿಕೊಡಬೇಕು. ಇದಕ್ಕೆ ಗೊತ್ತಿರೋದು ಎರಡೇ ಕೀ. ಒಂದು ನಿಮ್ಮ ಜೇಬಲ್ಲಿದೆ. ಇನ್ನೊಂದು?" ಎಂದಳು.

"ಒಳಗೇ ಇದೆ. ಕಿಟಕಿ ಪಕ್ಕದ ಮೊಳೆಗೆ ನಾನೇ ನೇತುಹಾಕಿದ್ದೀನಿ, ಕೈಗೆ ಸಿಗೋ ಹಾಗಿರ್ಲಿ ಅಂತ."

ಅವಳು ಕಿಟಕಿಯನ್ನು ನೋಡಿದಳು, ಅದರ ಗೋಡೆಗೆ ಅಂಟಿದಂತೆ ನಿಂತಿದ್ದ ಕಾರನ್ನು ನೋಡಿದಳು. ಭಾವನನ್ನು ಜೇಬಿನ ಕೀಲಿಯ ಸಮೇತ ಬೀದಿಯ ಆ ಬದಿಗೆ ಹೋಗಿ ನಿಲ್ಲಲು ಹೇಳಿ, ತಾನು ಬರಿಗೈಯಲ್ಲಿ ಹಿಡಿಕೆ ಮುಟ್ಟಿದಳು. ಕನ್ನಡಿಗಳು ಬಿಚ್ಚಿಕೊಂಡವು. ಬಾಗಿಲು ತೆರೆಯಿತು.

"ಹಿಡಿಕೆ ಮುಟ್ಟಿದ ತಕ್ಷಣ ಗಾಡಿ, ಕೀ ಹತ್ತಿರ ಇದೆಯಾ ಅಂತ ಸಣ್ಣ ದನೀಲಿ ಕೇಳುತ್ತೆ ಅಂದ್ಕೊಳ್ಳಿ. ಮೂರ್ನಾಲ್ಕು ಅಡಿ ಒಳಗಿರೋ ಕೀಗೆ ಮಾತ್ರ ಅದು ಕೇಳಿಸುತ್ತೆ. ಕೀ ತನ್ನ ಗುಟ್ಟಿನ ಸಂಕೇತ ಕಳಿಸಿದ್ರೆ ಬಾಗಿಲು ತೆಗೆಯುತ್ತೆ. ಮಧ್ಯೆ ಗೋಡೆ ಇದ್ರೂ ಅದಕ್ಕೆ ಲೆಕ್ಕ ಇಲ್ಲ. ಮುಟ್ಟಿದ ಕೈ ಯಾರದು ಅಂತಾನೂ ಗೊತ್ತಾಗಲ್ಲ. ಕೀ ಗಾಡಿ ಒಳಗಿಲ್ಲದ್ದಕ್ಕೆ ಇಂಜಿನ್ ಮಾತ್ರ ಶುರುವಾಗಿಲ್ಲ, ಅಷ್ಟೇ. ಆ ಸಂಕೇತವನ್ನ ದೂರದವರೆಗೂ ದಾಟಿಸಿ ಗಾಡಿ ಕದಿಯೋರೂ ಇದ್ದಾರೆ. ಎರಡನೇ ಕೀಯನ್ನ ಮುಚ್ಚಳ ಗಟ್ಟಿಯಾಗಿರೋ ಸ್ಟೀಲ್ ಡಬ್ಬಿಲಿ ಹಾಕಿ, ನಡುಮನೆ ಬೀರುವಲ್ಲಿಡಿ. ಜೇಬಿನ ಕೀ ದೂರ ಇಟ್ಟು, ಆ ಡಬ್ಬಿ ಹಿಡಿದು ಗಾಡಿ ಹತ್ತಿರ ಹೋಗಿ, ಬಾಗಿಲು ತೆಗೆಯುತ್ತಾ ಅಂತ ಒಂದ್ಸಲ ನೋಡಿ."

ಅವಳು ಹೋದ ಮೇಲೆ ಭಾವ ಮೊಳೆಯಿಂದ ಕೀಲಿ ತೆಗೆದು ಕೈಯಲ್ಲಿಟ್ಟುಕೊಂಡು ನಿಂತರು. "ಹಾಗಾದ್ರೆ ಒಳಗೆ ಕೂರ್ತಿದ್ದೋರು ಯಾರು?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

"ನಾನೇ ರೀ," ಎಂದಳು ಅಕ್ಕ.

ಕಾರಿನ ಮೇಲೆ ಉದುರಿದ್ದ ಬೇವಿನ ಹೂವು ಒರೆಸಲು ಹೋದ ದಿನ ಕೈ ತಗುಲಿ ಬಾಗಿಲು ತೆರೆದುಕೊಂಡಿತ್ತಂತೆ. ನೀವೇ ತೆರೆದಿಟ್ಟು ಬಂದಿದ್ದೀರಿ ಅಂದುಕೊಂಡೆ ಎಂದಳು. ಅಂದಿನಿಂದ ಭಾವ ಮಲಗಿದ ಮೇಲೆ ಹೋಗಿ, ಸೀಟು ಎಳೆದುಕೊಂಡು, ಸ್ಟೀರಿಂಗ್ ಹಿಡಿದು ಕೂರುತ್ತಿದ್ದಳು. ತವರಿಗೆ ಹೋದ ಹಾಗೆ, ಕೆರೆಯ ಏರಿಯ ಮೇಲೆ ಹಾಯ್ದ ಹಾಗೆ. "ಬ್ರೇಕು ಎಟುಕ್ತದೆ ರೀ ನಂಗೆ," ಎಂದು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅವನನ್ನ ಬೈಯುವಾಗ ಬಾಗಿಲ ಹಿಂದೇನೇ ಇದ್ದೆ. ಈ ವಯಸ್ಸಲ್ಲಿ ಮಕ್ಕಳ ಹಾಗೆ ಆಡ್ತಿದ್ದೆ ಅಂತ ಎದುರುಮನೆಯೋರ ಮುಂದೆ ಹೆಂಗೆ ಹೇಳ್ಲಿ ಅನ್ನಿಸ್ತು. ಹೇಳ್ಲಿಲ್ಲ."

ಭಾವ ಕೈಯಲ್ಲಿದ್ದ ಕೀಲಿಯನ್ನು ಮೇಜಿನ ಮೇಲಿಟ್ಟರು. "ಕೊಟ್ರೇಶಿಗೆ ಯಾರ ಕೈಲಾದ್ರೂ ಹೇಳಿ ಕಳಿಸಿದ್ರಾಯ್ತು," ಎಂದರು.

"ನಾನು ಹೋಗಬೇಕು," ಎಂದಳು ಅಕ್ಕ. ಅವರ ಮಾತಿಗೆ ಅವಳು ಹಾಗೆ ಎದುರಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಭಾವನೇ ಕಾರು ಓಡಿಸಿದರು. ಕೊಟ್ರೇಶಿಯ ಗಲ್ಲಿ ಇಕ್ಕಟ್ಟಾಗಿತ್ತು. ಭಾವ ಸ್ಟೀರಿಂಗ್ ಬಿಡದೆ ಅಲ್ಲೇ ಕೂತರು. ನಾವಿಬ್ಬರೂ ಒಳಗೆ ಹೋದೆವು. ಅವನ ಹೆಂಡತಿ ಚಾಪೆ ಹಾಸಿ ನೀರು ತಂದಿಟ್ಟಳು. ಅಕ್ಕ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು.

ಕೊಟ್ರೇಶಿ ನೆಲ ನೋಡುತ್ತ ಕೇಳಿಸಿಕೊಂಡ. "ನನಗೆ ಗೊತ್ತಿತ್ರೀ ಅಮ್ಮಾರೆ. ಸೀಟಿನ ಸಂದಿನಾಗ ನಿಮ್ಮ ತಲೆಪಿನ್ನು ಸಿಕ್ಕಿತ್ತು. ಆವತ್ತು ಬಾಗಿಲ ಹಿಂದೆ ನಿಮ್ಮ ಬಳೆ ಸಪ್ಪಳಾನೂ ಕೇಳಿಸ್ತು. ಈಗ ಬರ್ತಾರೆ, ಈಗ ಹೇಳ್ತಾರೆ ಅಂತ, ಚಪ್ಪಲಿ ಮೆಟ್ಟೋದು ತಡ ಮಾಡಿದೆ."

ಅಕ್ಕ ಬಳೆಗಳನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದಳು.

"ನೀನ್ಯಾಕಪ್ಪಾ ಹೇಳ್ಲಿಲ್ಲ?" ಎಂದು ನಾನು ಕೇಳಿದೆ.

"ನಾನು ಹೇಳಿದ್ರೆ ಚಾಡಿ ಆಗ್ತಿತ್ರೀ. ಅವರೇ ಹೇಳಿದ್ರೆ ನ್ಯಾಯ."

ಮತ್ತೆ ಕೆಲಸಕ್ಕೆ ಬಾ ಎಂದು ಅಕ್ಕ ಬೇಡಿಕೊಂಡಳು. ಅವನು ಒಲ್ಲೆನೆಂದ. ಪಕ್ಕದೂರಿನ ಕಲ್ಲುಕ್ವಾರಿಯ ಲಾರಿ ಓಡಿಸುತ್ತಿದ್ದೇನೆ, ಅಲ್ಲಿಯವರಿಗೆ ಈ ಊರಿನ ಸುದ್ದಿ ಮುಟ್ಟಿಲ್ಲ ಎಂದ. ಎದುರುಮನೆಯವರಿಗೆ ಅಕ್ಕ ಅದೇ ಸಂಜೆ ತಾನಾಗಿ ಹೋಗಿ ಹೇಳಿದಳು. ಆದರೆ ಊರು ಕಳ್ಳನ ಸುದ್ದಿಯನ್ನು ಹೊತ್ತು ತಿರುಗಿದಷ್ಟು ಹುರುಪಿನಿಂದ ಇದನ್ನು ಹೊತ್ತು ತಿರುಗಲಿಲ್ಲ.

ನಾವು ಕೊಟ್ರೇಶಿಯ ಮನೆಯಿಂದ ಹೊರಬಂದಾಗ ಭಾವ ಕಾರಿನಿಂದಿಳಿದು ಬಿಸಿಲಿನಲ್ಲಿ ನಿಂತಿದ್ದರು. ಕೊಟ್ರೇಶಿ ಹೊಸ್ತಿಲಿಗೆ ಬಂದು ನಿಂತ. ಭಾವ ಕೈ ಮುಗಿಯಲು ಎತ್ತಿದರು, ಅರ್ಧಕ್ಕೇ ಇಳಿಸಿದರು. ಹೋಗಿ ಕಾರು ಹತ್ತಿದರು.

ಆ ಗಲ್ಲಿಯಲ್ಲಿ ಕಾರು ತಿರುಗಿಸಲು ಜಾಗವಿರಲಿಲ್ಲ, ಹಿಂದಕ್ಕೇ ಹೋಗಬೇಕಿತ್ತು. ಭಾವ ತಡವರಿಸಿದರು. ಚಕ್ರ ಚರಂಡಿಯ ಅಂಚಿಗೆ ಬಂತು. ಕೊಟ್ರೇಶಿ ಬರಿಗಾಲಲ್ಲೇ ಅಂಗಳಕ್ಕಿಳಿದು ಬಂದು ಕಾರಿನ ಮುಂದೆ ನಿಂತು ಕೈ ಎತ್ತಿದ. "ಬರ್ಲಿ ಸರ್... ಎಡಕ್ಕೆ ಒಂಚೂರು... ಬರ್ಲಿ, ಬರ್ಲಿ." ಕಾರು ಅವನ ಮಾತು ಕೇಳಿ ಹಿಂದೆ ಹಿಂದೆ ಸರಿಯಿತು. ಅಕ್ಕ ತಲೆ ಎತ್ತಲಿಲ್ಲ. ನಾವು ಬೀದಿ ಸೇರುವವರೆಗೂ ಮುಂದಿನ ಗಾಜಿನಾಚೆ ಆ ಎತ್ತರದ ಮನುಷ್ಯನ ತೆರೆದ ಅಂಗೈ ಬಿಸಿಲಿನಲ್ಲಿ ನಮಗೆ ದಾರಿ ತೋರಿಸುತ್ತಲೇ ಇತ್ತು.