ಬಾರದವಳು ತೊಳೆದ ಚಕ್ರ

ನನ್ನ ಅತ್ತಿಗೆಯ ಹೆಬ್ಬೆರಳಲ್ಲಿ ಗೆರೆಗಳೇ ಇಲ್ಲ. ಕಾರಿನ ಚಕ್ರ ತೊಳೆದೂ ತೊಳೆದೂ ಅಳಿಸಿಹೋಗಿವೆ. ನಾವು ಕಾರು ತೊಳೆಯುವ ಅಂಗಡಿಯ ಬಾಗಿಲಲ್ಲಿ ಒಂದು ಹಾಜರಿ ಯಂತ್ರ ಇದೆ. ಬೆರಳಿಟ್ಟಾಗ ಹಸಿರು ದೀಪ ಬಂದರೆ ನೀವು ಬಂದಿದ್ದೀರಿ, ಕೆಂಪು ಬಂದರೆ ಬಂದಿಲ್ಲ. ಅತ್ತಿಗೆಗೆ ಎರಡು ದಿನದಿಂದ ಬರೀ ಕೆಂಪು. ಎರಡೂ ದಿನ ಬೆಳಗಿನಿಂದ ಸಂಜೆಯವರೆಗೆ ಕುಕ್ಕರುಗಾಲಲ್ಲಿ ಕೂತು ಚಕ್ರ ತಿಕ್ಕಿದ್ದಾಳೆ, ಆದರೆ ಬಂದೇ ಇಲ್ಲ! ಮೂರು ದಿನ ಬಾರದವರಿಗೆ ಕೆಲಸವಿಲ್ಲ ಎಂದು ಯಂತ್ರದ ಮೇಲೆ ಚೀಟಿ ಅಂಟಿಸಿದ್ದಾರೆ. ಅಣ್ಣ ಹೋದ ಮೇಲೆ ಎರಡು ಮಕ್ಕಳ ಹೊಟ್ಟೆ ನಡೆಯುತ್ತಿರುವುದು ಇದೊಂದೇ ಕೆಲಸದಿಂದ.

ಮೂರನೆಯ ದಿನ ಬೆಳಗ್ಗೆ ಅತ್ತಿಗೆ ಹೆಬ್ಬೆರಳಿಗೆ ಎಣ್ಣೆ ಹಚ್ಚಿದಳು, ಒರೆಸಿದಳು, ಉಫ್ ಉಫ್ ಎಂದು ಊದಿದಳು. ಬಲಗೈ ಇಟ್ಟಳು, ಎಡಗೈ ಇಟ್ಟಳು, ಕೊನೆಗೆ ಕಿರುಬೆರಳನ್ನೂ ಇಟ್ಟಳು. ಕೆಂಪು.

"ಮೂಗು ಇಟ್ಟು ನೋಡು ಅತ್ತಿಗೆ" ಎಂದೆ.

ಸಿಟ್ಟಲ್ಲಿ ಇಟ್ಟೇಬಿಟ್ಟಳು ಕಣ್ರೀ! ಅದಕ್ಕೂ ಕೆಂಪು. ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಬಂತು. ಅಳಬೇಕಾದ ಹೊತ್ತಿನಲ್ಲಿ ನಗುವುದು ನಮ್ಮ ಮನೆಯವರ ಚಾಳಿ.

ಅಷ್ಟರಲ್ಲಿ ಯಜಮಾನರು ಬಂದರು.

"ನಾನು ಬಂದಿದೀನಿ ಯಜಮಾನ್ರೇ, ಕಣ್ಣಾರೆ ನೋಡ್ತಿದೀರಲ್ಲ" ಎಂದಳು ಅತ್ತಿಗೆ.

"ನಾನು ನೋಡಿದ್ರೆ ಏನಮ್ಮಾ ಬಂತು? ಯಂತ್ರ ನೋಡ್ಬೇಕು."

"ಚಕ್ರಕ್ಕೆ ಅಂತ ನೀವು ತಂದ್ಕೊಡೋ ನೀಲಿ ಕ್ಯಾನು ನನ್ನ ಬೆರಳು ತಿಂದ್ಹಾಕಿದೆ. ಅದು ಆಸಿಡ್ಡು."

"ಆಸಿಡ್ಡೂ ಇಲ್ಲ ಗೀಸಿಡ್ಡೂ ಇಲ್ಲ. ಸೋಪಿನ ನೀರಿಗಿಂತ ಸಾಧು ಅದು. ನಿನ್ನ ಚರ್ಮಾನೇ ನಾಜೂಕು. ಇವತ್ತಿಗೆ ಮೂರು ದಿನ ಆಯ್ತು, ನಾಳೆಯಿಂದ ಬರ್ಬೇಡ." ಯಜಮಾನರು ಎರಡು ಹೆಜ್ಜೆ ಹೋಗಿ ತಿರುಗಿದರು. "ಇವತ್ತು ಗಿರಾಕಿ ಜಾಸ್ತಿ. ಚಕ್ರ ಎಲ್ಲಾ ತೊಳೆದೇ ಹೋಗು."

ನೋಡಿದಿರಾ ನ್ಯಾಯ! ಬಂದೇ ಇಲ್ಲದವಳಿಗೆ ಹೋಗು ಅನ್ನುವುದು, ಅದೂ ಕೆಲಸ ಮುಗಿಸಿ.

ಆ ನೀಲಿ ಕ್ಯಾನಿನ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಬ್ರೇಕಿನ ಕಪ್ಪು ಪುಡಿ ಚಕ್ರಕ್ಕೆ ಕಚ್ಚಿಕೊಂಡಿರುತ್ತದಲ್ಲ, ಅದರ ಮೇಲೆ ಸುರಿದರೆ ಬುಸ್ಸೆಂದು ಹೊಗೆಯಾಡಿ ಕ್ಷಣದಲ್ಲಿ ಬಿಟ್ಟುಬರುತ್ತದೆ. ಹೊತ್ತು ಉಳಿಯುತ್ತದೆ, ಕಾರು ಹೆಚ್ಚು ಬರುತ್ತವೆ. ಅದಕ್ಕೇ ಯಜಮಾನರಿಗೆ ಆ ಕ್ಯಾನು ಅಂದರೆ ಪ್ರಾಣ.

ಅವರದು ಇನ್ನೊಂದು ಜಾಣತನವೂ ಇತ್ತು. ಮೊದಲು ಚಕ್ರ, ಆಮೇಲೆ ಮೈ, ಇದು ಕಾರು ತೊಳೆಯುವ ಕ್ರಮ. ಆದರೆ ಗಿರಾಕಿಗಳು ಸಾಲುಗಟ್ಟಿದ ದಿನ ಬಂದ ಕಾರಿಗೆಲ್ಲ ಮೊದಲೇ ಸೋಪಿನ ನೊರೆ ಹೊಡೆಸಿಬಿಡುತ್ತಿದ್ದರು. ಮೈತುಂಬ ನೊರೆ ಮೆತ್ತಿಕೊಂಡ ಕಾರನ್ನು ಯಾರು ವಾಪಸ್ ಒಯ್ಯುತ್ತಾರೆ? ಆ ದಿನ ಪೈಪು ಹಿಡಿಯುವ ನಮ್ಮ ಪೈಪಣ್ಣ ಒಂಬತ್ತು ಕಾರಿಗೆ ನೊರೆ ಹೊಡೆದಿದ್ದ. ಹತ್ತನೆಯದಾಗಿ ಬಂದದ್ದು ಯಜಮಾನರದೇ ಹೊಸ ಕಾರು. ಸಂದಿಯ ಕಪ್ಪು ಬಿಟ್ಟರೆ ಅದರ ಚಕ್ರದಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದಿತ್ತು.

ಅವರ ಡ್ರೈವರ್ ಇಳಿದು ಅತ್ತಿಗೆಯ ಕೈಗೆ ಒಂದು ಪುಟ್ಟ ಬಾಟಲಿ ಕೊಟ್ಟ. "ನಮ್ಮ ಕಾರಿಗೆ ಇದೇ ಅಕ್ಕಾ. ಮನೇಲಿ ಬೀರುವಲ್ಲಿಟ್ಟು ಬೀಗ ಹಾಕಿರ್ತಾರೆ."

ನಾನು ಅದರ ಮೇಲಿದ್ದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಆಸಿಡ್ ಇಲ್ಲ. ಎಲ್ಲ ಬಗೆಯ ಚಕ್ರಕ್ಕೂ ಕ್ಷೇಮ. ಆದರೂ ಕೈಗವಸು ಹಾಕಿಕೊಳ್ಳಿ.

ಅತ್ತಿಗೆ ಒಂದು ಚಕ್ರಕ್ಕೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಮೆತ್ತಗೆ ಬ್ರಷ್ ಆಡಿಸಿದಳು. ಕಪ್ಪೆಲ್ಲ ಬಿಟ್ಟಿತು. ಅವಳು ಕೈ ಎತ್ತಿ ನೋಡಿಕೊಂಡಳು.

"ಉರೀತಾನೇ ಇಲ್ಲ ಕಣೇ!" ಎಂದು ಕಿರುಚಿದಳು. "ಅಯ್ಯೋ, ಉರೀತಾನೇ ಇಲ್ಲ!"

ತೊಳೆಯುವವರೆಲ್ಲ ಓಡಿಬಂದರು. ನನಗೆ, ನನಗೆ ಎಂದು ಕೈಯೊಡ್ಡಿ ಒಂದೊಂದು ಹನಿ ಹಾಕಿಸಿಕೊಂಡರು. ನಮ್ಮ ಗಲಾಟೆ ಮದುವೆ ಮನೆಯನ್ನು ಮೀರಿಸಿತು. ಅದರ ನಡುವೆಯೇ ಅತ್ತಿಗೆ ಬಾಟಲಿಯನ್ನು ನನಗೆ ಕೊಟ್ಟಳು, ನೀಲಿ ಕ್ಯಾನು ಎತ್ತಿಕೊಂಡಳು, ಯಜಮಾನರ ಎರಡನೆಯ ಚಕ್ರದ ಮುಂದೆ ಕೂತು ಮುಚ್ಚಳ ತೆಗೆದಳು.

ತಮ್ಮ ಗಾಜಿನ ಕೋಣೆಯಿಂದ ಯಜಮಾನರು ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. "ಏಯ್! ಅದು ಬೇಡ! ಚಕ್ರ ಸುಟ್ಟುಹೋಗುತ್ತೆ!"

"ಸೋಪಿನ ನೀರಿಗಿಂತ ಸಾಧು ಅಂದ್ರಲ್ಲ?"

ಗಿರಾಕಿಗಳ ಕಿವಿ ನೆಟ್ಟಗಾದವು. "ಹಾಗಾದ್ರೆ ಇಷ್ಟು ದಿನ ನಮ್ಮ ಕಾರಿಗೆ ಏನ್ರೀ ಹಾಕ್ತಿದ್ರಿ?" ಎಂದರು ಬಿಳಿ ಕಾರಿನವರು. ಇನ್ನೊಬ್ಬರು ಮಂಡಿಯೂರಿ ತಮ್ಮ ಚಕ್ರವನ್ನು ಮಗುವಿನ ಕೆನ್ನೆಯ ಹಾಗೆ ಸವರತೊಡಗಿದರು. ಯಜಮಾನರು ಬೆವರು ಒರೆಸಿಕೊಂಡು, ಇವತ್ತಿನಿಂದ ಎಲ್ಲ ಕಾರಿಗೂ ಬಾಟಲಿಯದನ್ನೇ ಹಾಕಿಸುತ್ತೇನೆ ಎಂದು ಆಣೆಯಿಟ್ಟರು. ಗಿರಾಕಿಗಳು ತಣ್ಣಗಾದರು. ಚಕ್ರಗಳಿಗೆ ನ್ಯಾಯ ಸಿಕ್ಕಿತು. ಸಿಪ್ಪೆ ಎದ್ದ ಅತ್ತಿಗೆಯ ಕೈ ಅವರ ಕಣ್ಣೆದುರಿಗೇ ಇತ್ತು, ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಏನ್ ನೋಡ್ತಿದೀಯ? ತೊಳಿ" ಎಂದರು ಯಜಮಾನರು.

ಅತ್ತಿಗೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. "ನಾನು ಬಂದೇ ಇಲ್ವಲ್ಲ ಯಜಮಾನ್ರೇ. ಬರದೇ ಇರೋಳು ಹೇಗೆ ತೊಳೀಲಿ?"

"ನಾನೂ ಬಂದಿಲ್ಲ" ಎಂದು ಅವಳ ಪಕ್ಕ ಕೂತೆ.

ಪೈಪಣ್ಣ ನೀರು ನಿಲ್ಲಿಸಿದ. "ನಾನಂತೂ ನಿನ್ನೇನೂ ಬಂದಿರ್ಲಿಲ್ಲ."

ನೋಡನೋಡುತ್ತ ತೊಳೆಯುವ ಎಂಟೂ ಜನ ಕೂತೆವು. ಬಿಸಿಲು ಚುರುಗುಟ್ಟುತ್ತಿತ್ತು. ಒಂಬತ್ತು ಕಾರಿನ ಮೇಲೂ ನೊರೆ ಒಣಗತೊಡಗಿತು. "ರೀ, ಕಲೆ ಕೂರುತ್ತೆ ಕಣ್ರೀ! ತೊಳೆಸ್ರೀ!" ಎಂದು ಗಿರಾಕಿಗಳು ಯಜಮಾನರ ಮೈಮೇಲೆ ಬಿದ್ದರು.

"ಏನ್ ಬೇಕ್ರಮ್ಮಾ ನಿಮಗೆ?"

"ಅತ್ತಿಗೆಯ ಮೂರೂ ದಿನದ ಹಾಜರಿ ಕೈಯಲ್ಲಿ ಬರೀರಿ, ಕೆಲಸ ತೆಗೀಬಾರ್ದು" ಎಂದೆ. "ಬಾಟಲಿಯ ಮೇಲೆ ಬರೆದಿದೆಯಲ್ಲ, ಕೈಗವಸು. ಅದೂ ಬೇಕು, ಎಲ್ಲರಿಗೂ."

ಯಜಮಾನರು ಪುಸ್ತಕ ತರಿಸಿ ಎಲ್ಲರೆದುರು ಬರೆದು ರುಜು ಹಾಕಿದರು. ಆಮೇಲೆ ತಾವೇ ರಸ್ತೆ ದಾಟಿ ಎದುರಿನ ಅಂಗಡಿಗೆ ಓಡಿದರು. ಅವರು ನಮಗೋಸ್ಕರ ಓಡಿದ್ದನ್ನು ನಾವು ಯಾವತ್ತೂ ನೋಡಿರಲಿಲ್ಲ. ಏದುಸಿರು ಬಿಡುತ್ತ ಬಂದು ಒಂದು ಜೊತೆ ರಬ್ಬರ್ ಕೈಗವಸು ಮುಂದೆ ಹಿಡಿದರು.

"ತಗೊಳ್ಳಿ. ಸರದಿ ಪ್ರಕಾರ ಹಾಕ್ಕೊಳ್ಳಿ."

ಎಂಟು ಜನಕ್ಕೆ ಒಂದು ಜೊತೆ! ಪೈಪಣ್ಣ ನಕ್ಕೂ ನಕ್ಕೂ ನೆಲಕ್ಕೆ ಬಿದ್ದ. ಅತ್ತಿಗೆ ಮಾತ್ರ ಅದನ್ನು ತೆಗೆದುಕೊಂಡು ನಿಧಾನವಾಗಿ ಹಾಕಿಕೊಂಡಳು, ಹತ್ತೂ ಬೆರಳು ಆಡಿಸಿ ನೋಡಿದಳು.

"ಚೆನ್ನಾಗಿದೆ ಯಜಮಾನ್ರೇ. ಇನ್ನು ಹದಿನಾಲ್ಕು ಕೈ ಬಾಕಿ. ಹೋಗ್ಬನ್ನಿ, ನಾವು ಕೂತಿರ್ತೀವಿ."