ಮರದಿಂದ ಇಳಿದು ಬಂದ ಮೂಳೆ

ಟಕ್ ಟಕ್ ಟಕ್, ಒಂದು ಉಸಿರಿನಷ್ಟು ಬಿಡುವು, ಮತ್ತೆ ಟಕ್ ಟಕ್ ಟಕ್ — ಗಂಜಿಯ ಚಮಚದಿಂದ ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದಾನೆ, ಹನ್ನೊಂದನೇ ಮಂಚದ ಉದಯಭಾನು, ವಾರ್ಡಿನ ಬಾಗಿಲು ಮುಟ್ಟುವ ಮೊದಲೇ ಭಾರ್ಗವನಿಗೆ ಗೊತ್ತಾಗುತ್ತದೆ, ಇಪ್ಪತ್ತೆರಡು ವರ್ಷ ತೆಂಗಿನ ನೆತ್ತಿಯಲ್ಲಿ ಕೂತು ಕಳ್ಳು ಇಳಿಸಿದವನಿಗೆ ಕಳ್ಳು ಊರಲೆಂದು ಮೂಳೆಯಿಂದ ಹೊಂಬಾಳೆ ತಟ್ಟುವ ತಾಳ ತಿಳಿಯದೆ ಇದ್ದೀತೇ, ಬಲಕ್ಕೆ ಮೂರು, ಹೊರಳಿಸಿ ಮೂರು, ನರ್ಸಮ್ಮನಿಗೆ ಮಾತ್ರ ಅದು ತಲೆಕೆಟ್ಟವನ ಗಲಾಟೆ, ಭಾರ್ಗವೇಟ್ಟಾ, ಅಣ್ಣಾ, ನಿಮ್ಮ ಊರಿನವನಿಗೆ ಸ್ವಲ್ಪ ಹೇಳಿ, ಬೆಳಿಗ್ಗೆ ಬಡೀತಾನೆ, ಮಧ್ಯಾಹ್ನ ಬಡೀತಾನೆ, ಸಂಜೆ ಬಡೀತಾನೆ, ಇದೇನು ಆಸ್ಪತ್ರೆಯೋ ಚೆಂಡೆಮೇಳವೋ — ಮೂರು ಹೊತ್ತು, ಹೌದು ತಾಯಿ, ಮರಕ್ಕೂ ಮೂರು ಹೊತ್ತೇ, ಒಂದು ಹೊತ್ತು ತಪ್ಪಿದರೆ ಹೊಂಬಾಳೆ ಮುನಿಯುತ್ತದೆ, ನಾಲ್ಕು ದಿನ ತಪ್ಪಿದರೆ ಬತ್ತುತ್ತದೆ, ಎಂದು ಹೇಳಬಹುದಿತ್ತು, ಬದಲಿಗೆ ನಗುತ್ತಾನೆ, ನಗುವುದು ಅವನ ಕೆಲಸದ ಭಾಗ, ಮುರಿದು ಹಳಬನಾದವನನ್ನು ಹೊಸದಾಗಿ ಮುರಿದವನ ಪಕ್ಕದಲ್ಲಿ ಕೂರಿಸುವುದು ಈ ಆಸ್ಪತ್ರೆಯ ಪದ್ಧತಿ, ಏಳು ವರ್ಷದಿಂದ ಅವನು ಕೂರುತ್ತಿದ್ದಾನೆ, ಮಡಿಸಲಾರದ ಎಡಗಾಲನ್ನು ದೋಣಿಯ ಜಲ್ಲೆಯ ಹಾಗೆ ಮುಂದಕ್ಕೆ ಚಾಚಿಕೊಂಡು, ಈಗಲೂ ಅದೇ ಕಾಲನ್ನು ಅರ್ಧಚಂದ್ರ ತಿರುಗಿಸಿ ತಿರುಗಿಸಿ ಹೆಜ್ಜೆಯಿಡುತ್ತಾನೆ, ಹೆಗಲ ಚೀಲದೊಳಗೆ ಬಟ್ಟೆ ಸುತ್ತಿದ ಮೂಳೆ ಪಕ್ಕೆಗೆ ಬಡಿಯುತ್ತದೆ, ಎಮ್ಮೆಯ ತೊಡೆಮೂಳೆ, ಕೈಬೆವರು ಕುಡಿದು ಕಂದಾಗಿ ನುಣುಪಾದದ್ದು, ಉದಯಭಾನುವಿನದು, ಅದು ಮರದಿಂದ ಇಳಿದದ್ದು ಅವನಿಗಿನ್ನೂ ಗೊತ್ತಿಲ್ಲ.

ಬಿದ್ದವನ ತಟ್ಟುಮೂಳೆಯನ್ನು ಮರದಿಂದ ಇಳಿಸಬಾರದು, ಅದು ಅವರ ಕಡೆಯ ನೇಮ, ಕಟ್ಟಿದ ಹೊಂಬಾಳೆಯ ಪಕ್ಕದಲ್ಲೇ ನೇತಾಡುತ್ತಿರಬೇಕು, ಅವನು ಮತ್ತೆ ಹತ್ತಿ ತಾನೇ ಬಿಚ್ಚಿಕೊಳ್ಳುವ ತನಕ, ಇಳಿದು ಮನೆಗೆ ಬಂತು ಎಂದರೆ ಮರ ಬೇರೆಯವನದಾಯಿತು — ರೋಗಿಗಳಿಗೆ ಆಪ್ತಸಲಹೆ ಕೊಡುವ ಆನ್ಸಿ ಮೇಡಂಗೆ ಇದನ್ನು ಯಾರು ಹೇಳಬೇಕು, ಕೊಟ್ಟಾಯಂನಲ್ಲಿ ಓದಿ ಬಂದ ಹುಡುಗಿ, ಒಳ್ಳೆಯವಳೇ, ಭಾರ್ಗವೇಟ್ಟಾ, ಅವರಿಗೆ ಕೆಲಸದಲ್ಲಿ ಪ್ರೀತಿಯಾದ ವಸ್ತು ಏನಾದ್ರೂ ಇದ್ದರೆ ತಂದು ಕೈಗೆ ಕೊಡಿ, ಮನಸ್ಸು ಅರಳುತ್ತೆ, ಎಂದಳು, ಏಳು ವರ್ಷದ ಹಿಂದೆ ಭಾರ್ಗವನೇ ಬಿದ್ದು ಮಲಗಿದ್ದಾಗ ಇದೇ ಕುರ್ಚಿಯಲ್ಲಿದ್ದ ಬೇರೆ ಮೇಡಂ ಅವನ ಹೆಂಡತಿ ತಂಗಮಣಿಗೆ ಹೇಳಿದ್ದೂ ಇದನ್ನೇ, ತಂಗಮಣಿ ನೇಕಾರರ ಮನೆಯ ಹೆಣ್ಣು, ಮರದ ನೇಮ ಅವಳಿಗೇನು ಗೊತ್ತು, ಗಂಡ ಖುಷಿಪಡುತ್ತಾನೆ ಅಂತ ಯಾರನ್ನೋ ಹತ್ತಿಸಿ ಮೂಳೆ ಇಳಿಸಿ, ಸೋಪು ಹಾಕಿ ತೊಳೆದು, ತಲೆದಿಂಬಿನ ಪಕ್ಕ ಇಟ್ಟಳು, ನೋಡಿ ನಿಮ್ಮದೇ, ಎಂದಳು, ಅವನು ಗೋಡೆಯ ಕಡೆ ಹೊರಳಿದ, ನಲವತ್ತು ದಿನ ಗೋಡೆ, ಆ ಸುಣ್ಣದ ಬಿರುಕು ಇವತ್ತಿಗೂ ಅಂಗೈ ಗೆರೆಯಷ್ಟು ಪರಿಚಯ, ನಲವತ್ತೊಂದನೇ ದಿನ ಹೊರಳುವಾಗ ಮಂಡಿ ಬಾಗಲಿಲ್ಲ, ಮತ್ತೆಂದೂ ಬಾಗಲಿಲ್ಲ — ಹಾಗಿದ್ದೂ ಇವತ್ತು ಬೆಳಿಗ್ಗೆ ದೋಣಿಕಡವಿನಲ್ಲಿ ತನ್ನ ತಮ್ಮ ಸಜೀವನ್ ಉದಯಭಾನುವಿನ ಮೂಳೆಯನ್ನು ಚಾಚಿದಾಗ ಭಾರ್ಗವನ್ ಯಾಕೆ ಕೈಯೊಡ್ಡಿದ, ಸಜೀವನ್ ಮುಖ ಕೊಡಲಿಲ್ಲ, ನಾನಲ್ಲದಿದ್ದರೆ ಇನ್ನೊಬ್ಬ ಹತ್ತುತ್ತಿದ್ದ ಏಟ್ಟಾ, ಗುತ್ತಿಗೆದಾರ ಮರ ಖಾಲಿ ಬಿಡ್ತಾನಾ, ಉದಯಭಾನು ಬಿದ್ದ ನಾಲ್ಕನೇ ದಿನಕ್ಕೆ ಹತ್ತೂ ಮರ ನನಗೆ ಹಚ್ಚಿದ — ನಾಲ್ಕನೇ ದಿನಕ್ಕೆ, ಹೊಂಬಾಳೆ ಬತ್ತಬಾರದಲ್ಲ, ಮನುಷ್ಯ ಬತ್ತಿದರೆ ಅದಕ್ಕೊಂದು ಆಸ್ಪತ್ರೆ ಇದೆ, ಆಸ್ಪತ್ರೆಯಲ್ಲೊಂದು ಕಾಗದ ಇದೆ, ರೋಗಿ ತನ್ನ ಸ್ಥಿತಿಗೆ ಹೊಂದಿಕೊಂಡಿದ್ದಾನೆಯೇ, ಪೂರ್ತಿ, ಭಾಗಶಃ, ಇಲ್ಲ, ಒಂದು ಗೀಟು ಹಾಕು ಭಾರ್ಗವಾ, ಹೊಂದಿಕೊಳ್ಳಬೇಕಾದವನು ಯಾವಾಗಲೂ ಮಲಗಿದವನೇ, ಮರ ಹತ್ತಲು ಬೆಲ್ಟು ಕೊಡಿಸಿ ಎಂದು ಕೇಳಿದಾಗ ನಿಮ್ಮಪ್ಪ ಯಾವ ಬೆಲ್ಟು ಕಟ್ಟಿದ್ದನೋ ಅಂತ ನಕ್ಕ ಗುತ್ತಿಗೆದಾರನಿಗೆ ಈ ಕಾಗದದಲ್ಲಿ ಒಂದು ಚೌಕವೂ ಇಲ್ಲ, ಭಾರ್ಗವನಿಗೆ ಸಿಟ್ಟು ಬರುವುದಿಲ್ಲ, ಸಿಟ್ಟು ಬರುವ ಜಾಗವೂ ಮಂಡಿಯ ಹಾಗೇ, ಇದೆ, ಬಾಗುವುದಿಲ್ಲ.

ಅಪ್ಪ ಬೆಲ್ಟು ಕಟ್ಟಿರಲಿಲ್ಲ, ನಿಜ, ಅಪ್ಪನೇ ಅವನಿಗೆ ಆಶಾನ್, ಕೆಲಸ ಕಲಿಸಿದ ಗುರು, ಮರದ ನೆತ್ತಿಯಲ್ಲಿ ಮೂಳೆಯೆತ್ತಿ ಮೂರು ತಟ್ಟಿ ತಲೆ ಓರೆ ಮಾಡಿ ಕಿವಿ ಕೊಡುತ್ತಿದ್ದ, ಮೂಳೆ ಗಾಳಿಯಲ್ಲೇ ನಿಂತಿರುತ್ತಿತ್ತು, ಕೇಳಿಸ್ತೇನೋ, ಒಣ ಸದ್ದು ಬೇರೆ ಹಸಿ ಸದ್ದು ಬೇರೆ, ಒಳಗೆ ನೀರಾಡಿದರೆ ಮೂಳೆಗೆ ಗೊತ್ತಾಗುತ್ತೆ, ಮೂಳೆ ಕಿವಿಗೆ ಹೇಳುತ್ತೆ — ತಾನು ಬಿದ್ದದ್ದೂ ಹಾಗೇ ಕಿವಿ ಕೊಟ್ಟಿದ್ದಾಗಲೇ, ತಲೆ ಓರೆ, ಮೂಳೆ ಗಾಳಿಯಲ್ಲಿ, ಕಾಲ ಕೆಳಗೆ ತೆಂಗಿನ ಮಡಲು ಕಿತ್ತು ಬಂದದ್ದು ಆಮೇಲೆ ಗೊತ್ತಾದದ್ದು.

ಬಂದ್ರಾ ಏಟ್ಟಾ, ಬನ್ನಿ, ನಮ್ಮ ನೆಟ್ಟಗಾಲಿನ ಮಹಾರಾಜರು, ಉದಯಭಾನು ಚಮಚ ಇಳಿಸದೆ ಕರೆಯುತ್ತಾನೆ, ಐದು ವಾರದಿಂದ ಅದೇ ಮಂಚ, ತೊಡೆಯೆಲುಬಿನೊಳಗೆ ಸರಳು, ಸೊಂಟದ ಗುಣಿಗೆ ತಗಡು, ಇನ್ನು ಮರ ಇಲ್ಲ ಎಂದು ಡಾಕ್ಟರು ಹೆಂಡತಿಗೆ ಹೇಳಿದ್ದಾರೆ, ಹೆಂಡತಿ ಇವನಿಗೆ ಹೇಳಿಲ್ಲ, ಮರ ನಿಮಗೋಸ್ಕರ ಖಾಲಿ ಇದೆ ಎಂದು ದಿನಾ ಗಂಜಿಯ ಜೊತೆ ಉಣಿಸುತ್ತಿದ್ದಾಳೆ, ಈ ವಾರ ಕಾಲನ್ನು ಮಂಚದಿಂದ ಇಳಿಬಿಟ್ಟು ಮಂಡಿ ಮಡಿಸದಿದ್ದರೆ ಕೀಲು ಹಾಗೇ ಕಚ್ಚಿಕೊಳ್ಳುತ್ತದೆ, ಮಡಿಸುವುದಿಲ್ಲ ಎಂದು ಇವನ ಹಟ, ಮರಕ್ಕೆ ಇಡೋ ಕಾಲು ಏಟ್ಟಾ, ನಾಲ್ಕು ಜನರ ಮುಂದೆ ನೆಲಕ್ಕೆ ಇಟ್ಟು ಕುಂಟಲ್ಲ, ಹೊರಡೋ ದಿನ ಇಳಿಸ್ತೀನಿ, ನೇರ ಮರಕ್ಕೆ — ಆ ಸುಳ್ಳು ಇವನ ಮಂಡಿಯನ್ನು ತಿನ್ನುತ್ತಿದೆ, ನಿಜವೂ ತಿನ್ನಬಹುದು, ಭಾರ್ಗವನದನ್ನು ತಿಂದಿತ್ತು, ಎರಡರಲ್ಲಿ ಯಾವುದು ನಿಧಾನ ತಿನ್ನುತ್ತದೆ ಎಂದು ಯಾವ ಕಾಗದವೂ ಕೇಳುವುದಿಲ್ಲ, ಭಾರ್ಗವನ್ ಕೂರುತ್ತಾನೆ, ಕಾಲು ಚಾಚುತ್ತಾನೆ, ನನ್ನ ಮರ ಯಾರೂ ಮುಟ್ಟಿಲ್ಲ ತಾನೇ, ಉದಯಭಾನುವಿನ ದಿನದ ಪ್ರಶ್ನೆ, ಯಾರೂ ಇಲ್ಲ ಎಂಬ ದಿನದ ಉತ್ತರ ನಾಲಗೆಯ ತುದಿಯಲ್ಲಿ ತಯಾರಿದೆ, ಕೈ ಮಾತ್ರ ಚೀಲದೊಳಗೆ ಹೋಗಿದೆ, ಬಟ್ಟೆ ಬಿಚ್ಚುತ್ತದೆ, ತೊಳೆದಿಲ್ಲ, ಅದೊಂದನ್ನು ಸಜೀವನಿಗೆ ಹೇಳಿದ್ದ, ತೊಳೀಬೇಡ, ಕಳ್ಳಿನ ಹುಳಿ ವಾಸನೆ ಹಾಗೇ ಇರಲಿ — ಮಂಚದ ಮೇಲೆ ಇಡುತ್ತಾನೆ, ನನ್ನ ತಮ್ಮ ಹತ್ತುತ್ತಿದ್ದಾನೆ, ನೀನು ಬಿದ್ದ ನಾಲ್ಕನೇ ದಿನದಿಂದ, ಇನ್ನು ನಿನಗೆ ಮರ ಇಲ್ಲ ಕಣೋ.

ಚಮಚ ನಿಲ್ಲುತ್ತದೆ. ಮೇಲೆ ಫ್ಯಾನು ಕಿರ್ರ್ ಅನ್ನುತ್ತಿದೆ, ಇನ್ನು ಇವನೂ ಗೋಡೆಗೆ ಹೊರಳುತ್ತಾನೆ, ಎಣಿಸು, ಒಂದು, ಎರಡು, ಇವನ ಗೋಡೆಯಲ್ಲಿ ಬಿರುಕಿಲ್ಲ, ಹೊಸ ಬಣ್ಣ, ನೋಡಲಿಕ್ಕೂ ಏನೂ ಇಲ್ಲ ಪಾಪ — ಉದಯಭಾನು ಹೊರಳುವುದಿಲ್ಲ, ಥೂ, ಅಣ್ಣ ತಮ್ಮ ಸೇರಿ ಚೆನ್ನಾಗಿ ಹಂಚಿಕೊಂಡ್ರಲ್ಲೋ, ಒಬ್ಬ ಮರ ತಗೊಂಡ, ಒಬ್ಬ ಮೂಳೆ ಹೊತ್ತು ತಂದ, ಎನ್ನುತ್ತಾನೆ, ಮೂಳೆ ಕೈಗೆತ್ತಿಕೊಳ್ಳುತ್ತಾನೆ, ಎಸೆಯಬಹುದು, ಎಸೆಯಲಿ, ಹಣೆಗೆ ಬೀಳಲಿ, ಅದೂ ಕೆಲಸದ ಭಾಗವೇ, ಭಾರ್ಗವನ್ ಕಣ್ಣು ಮಿಟುಕಿಸದೆ ಕೂತಿದ್ದಾನೆ, ಮೂಳೆ ಎದ್ದು ಬಂದು ಚಾಚಿದ ಎಡ ಮಂಡಿಯ ಮೇಲೆ ಬೀಳುತ್ತದೆ, ಮೆತ್ತಗೆ, ಟಕ್ ಟಕ್ ಟಕ್, ತನ್ನ ಮಂಡಿಯ ಸದ್ದನ್ನು ಅವನು ಏಳು ವರ್ಷದಲ್ಲಿ ಕೇಳಿರಲಿಲ್ಲ, ಬತ್ತಿದೆ ಏಟ್ಟಾ, ಉದಯಭಾನು ಹೇಳುತ್ತಾನೆ, ಮರದ ಬಗ್ಗೆ ಹೇಳುವ ದನಿಯಲ್ಲಿ, ಪೂರ್ತಿ ಒಣಗಿದೆ, ಯಾರು ತಟ್ಟದೆ ಬಿಟ್ಟಿದ್ದು, ನಾನೇ ಬಿಟ್ಟಿದ್ದು ಕಣೋ, ನಲವತ್ತು ದಿನ, ಎನ್ನುತ್ತಾನೆ ಭಾರ್ಗವನ್, ಏಳು ವರ್ಷ ಕೂತ ಯಾವ ಮಂಚದ ಪಕ್ಕದಲ್ಲೂ ಹೇಳದ ಮಾತು, ಉದಯಭಾನು ಹೊದಿಕೆ ಸರಿಸುತ್ತಾನೆ, ಹೊಲಿಗೆಯ ಗುರುತು ನೂರುಕಾಲಿನ ಹುಳದ ಹಾಗೆ ತೊಡೆಯುದ್ದಕ್ಕೂ, ಮೂಳೆಯೆತ್ತಿ ತನ್ನ ಮಂಡಿಗೆ ತಟ್ಟುತ್ತಾನೆ, ಬಲಕ್ಕೆ ಮೂರು, ಹಿಮ್ಮಡಿ ಹಾಸಿಗೆಯ ಅಂಚಿಗೆ ಜಾರುತ್ತದೆ, ಹೊರಳಿಸಿ ಮೂರು, ಹಿಮ್ಮಡಿ ಅಂಚು ದಾಟುತ್ತದೆ, ಹಲ್ಲು ಕಚ್ಚಿದ ಮುಖ, ಪಾದ ಗಾಳಿಯಲ್ಲಿ ನೇತಾಡಿ ನೆಲ ಹುಡುಕುತ್ತದೆ, ಏನನ್ನುತ್ತೋ ಅದು, ಭಾರ್ಗವನ್ ಕೇಳುತ್ತಾನೆ, ಸುಮ್ನಿರಿ ಏಟ್ಟಾ, ಕೇಳ್ತಾ ಇದೀನಿ — ಉದಯಭಾನುವಿನ ತಲೆ ಓರೆ, ಮೂಳೆ ಗಾಳಿಯಲ್ಲಿ, ಭಾರ್ಗವನ ತಲೆಯೂ ಓರೆ, ಮೂಳೆ ಗಾಳಿಯಲ್ಲಿ