ಅಡಿವೆವ್ವ ಕೇಳಿದ ಮರೆ

ಇನ್ನು ಹತ್ತು ಅಡಿ ಕಟ್ಟಿದರೆ ಗೋಡೆ ಮುಗಿಯುತ್ತಿತ್ತು. ಆ ಹತ್ತು ಅಡಿಯ ಸಂದಿನಲ್ಲಿ ಅಡಿವೆವ್ವ ಬೆಳಿಗ್ಗೆಯೇ ಬಂದು ಕುಳಿತುಬಿಟ್ಟಿದ್ದಳು.

"ಏಳ್ರಿ ಅಕ್ಕಾರ, ಸಿಮೆಂಟ್ ಕಲಸಿಟ್ಟೇನಿ, ಗಟ್ಟಿ ಆಗಾಕತ್ತೈತಿ," ಎಂದು ಗೌಂಡಿ ಮಕ್ತುಮಸಾಬ ಮೂರು ಸಲ ಬೇಡಿಕೊಂಡ. ಅವಳು ಮಿಸುಕಲಿಲ್ಲ. ಕೊನೆಗೆ ಆತ ಪಂಚಾಯ್ತಿ ಇಂಜಿನಿಯರ್ ವಾದಿರಾಜರಿಗೆ ಫೋನು ಹಚ್ಚಿದ.

ಗೋಡೆ ಎಂದರೆ ಅಂತಿಂಥದಲ್ಲ, ಏಳು ಅಡಿ ಎತ್ತರ. ಹುಲಗೂರಿನ ಆಚೆಗಿರುವ ಆ ಊರಿನಿಂದ ಬಸ್ ಸ್ಟಾಪಿಗೆ ಹೋಗುವ ಹಾದಿಯ ಒಂದು ಮಗ್ಗುಲಿಗೆ ಮುಚ್ಚಿಹೋದ ಹತ್ತಿ ಗಿರಣಿಯ ಕಾಂಪೌಂಡು ಮೊದಲೇ ಇತ್ತು. ಇನ್ನೊಂದು ಮಗ್ಗುಲು ಬಯಲು. ಬಯಲಿನಾಚೆ ಕರೆವ್ವನ ಮನೆ, ಅಂಗಳದಲ್ಲಿ ಸದಾ ನಾಲ್ಕು ಜನ. ಈಗ ಆ ಮಗ್ಗುಲಿಗೂ ಗೋಡೆ ಎದ್ದು ಹಾದಿ ಇಲಿಬೋನಿನಂತಾಗಿತ್ತು. ಗುರುವಾರ ಸಂಜೆ ಶಿಗ್ಗಾಂವಿಯ ಕಾಲೇಜಿನಿಂದ ಬರುತ್ತಿದ್ದ ಅಡಿವೆವ್ವನ ಮಗಳು ಮಧುಶ್ರೀಯನ್ನು ಇಬ್ಬರು ಬೈಕು ಅಡ್ಡ ಹಾಕಿ ತಡೆದಿದ್ದರು. ಹುಡುಗಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಈ ಸಂದು ಉಳಿದಿದ್ದಕ್ಕೆ ಅದರಲ್ಲಿ ನುಸುಳಿ, ಕರೆವ್ವನ ಅಂಗಳಕ್ಕೆ ಓಡಿ ಪಾರಾದಳು.

ಅಡಿವೆವ್ವನ ಗಂಡ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಭಾವ ಗುತ್ತೆಪ್ಪನದು. "ಗ್ವಾಡಿ ಮುಗದ ಮ್ಯಾಲ ಆ ಹಾದ್ಯಾಗ ಹುಡುಗೀನ ಕಳಸಾಕ ಆಗೂದಿಲ್ಲ. ಸೋಮವಾರದಿಂದ ಕಾಲೇಜು ಸಾಕು," ಎಂದು ಅವನು ತೀರ್ಪು ಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೈಕಿನವರನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಹೊಟ್ಟೆ ಉರಿಯುವ ಸಂಗತಿ ಎಂದರೆ, ಗೋಡೆ ಬೇಕೆಂದವಳು ಅಡಿವೆವ್ವ ಎಂದೇ ಕಾಗದದಲ್ಲಿತ್ತು. ಮಹಿಳಾ ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತು, "ಬಸ್ ಸ್ಟಾಪಿನ ಕಡೆ ಹೆಣ್ಮಕ್ಕಳಿಗೆ ಒಂದ ಮರೆ ಬೇಕ್ರಿ," ಎಂದಿದ್ದಳು. ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಸವಣೂರಿನ ಬಸ್ಸಿಗೆ ತಾಸುಗಟ್ಟಲೆ ಕಾಯುವ ಹೆಂಗಸರಿಗೆಲ್ಲ ಅದೆಂಥ ಮರೆ ಎಂದು ಗೊತ್ತಿತ್ತು. ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು. ಎದುರಿಗೆ ಕುಳಿತ ಪಂಚಾಯ್ತಿ ಗಂಡಸರ ಮುಂದೆ ಅದಕ್ಕಿಂತ ಬಿಡಿಸಿ ಹೇಳುವವರು ಯಾರು? ಹೇಳಲು ಇವಳಿಗೆ ನಾಚಿಕೆ, ಕೇಳಲು ವಾದಿರಾಜರಿಗೆ ನಾಚಿಕೆ, ನಡುವೆ ಏಳು ಅಡಿ ಗೋಡೆ ಎದ್ದಿತು. 'ಮಹಿಳೆಯರ ಓಡಾಟಕ್ಕೆ ಮರೆಗೋಡೆ' ಎಂದು ಬರೆದು ಅವರು ಮಂಜೂರಾತಿ ತಂದಿದ್ದರು.

ಈಗ ಅದೇ ಕಾಗದ ಹಿಡಿದು ಬಂದರು. ಹಿಂದೆ ಗುತ್ತೆಪ್ಪ, ಅವನ ಹಿಂದೆ ಊರಿನ ಹತ್ತಾರು ಗಂಡಸರು. ಅಡಿವೆವ್ವ ಸೆರಗು ಮುಂದಕ್ಕೆಳೆದುಕೊಂಡಳು. ಮನೆ ತುಂಬಿ ಇಪ್ಪತ್ತು ವರ್ಷವಾದರೂ ಭಾವನೆದುರು ಅವಳು ತುಟಿ ಬಿಚ್ಚಿದವಳಲ್ಲ.

"ಇದರೊಳಗ ನಿಮ್ಮ ಹೆಸರೇ ಅದ ನೋಡ್ರಿ," ಎಂದರು ವಾದಿರಾಜರು. "ನೀವು ಕೇಳಿದ್ದನ್ನೇ ಮಾಡ್ಲಿಕ್ಕತ್ತೀವಿ."

"ನಾ ಕೇಳಿದ್ದು ಇದಲ್ರಿ."

"ಮತ್ತ ಯಾವುದ್ರಿ?"

ಅವಳು ಗಂಡಸರತ್ತ ಒಮ್ಮೆ ನೋಡಿ ಸೆರಗು ಇನ್ನಷ್ಟು ಮುಂದಕ್ಕೆಳೆದಳು.

"ಆಕಿನ್ನೇನ ಕೇಳ್ತೀರಿ? ಕಟ್ಟೋ ಸಾಬ!" ಎಂದ ಗುತ್ತೆಪ್ಪ. ಮಕ್ತುಮಸಾಬ ಹಿಂಜರಿಯುತ್ತಲೇ ಅವಳ ಭುಜದ ಪಕ್ಕ ಒಂದು ಇಟ್ಟಿಗೆ ಇಟ್ಟ. ಇನ್ನೊಂದು ಇಟ್ಟ. ಬಯಲಿನಾಚೆ ಮಧುಶ್ರೀ ಕರೆವ್ವನ ಜೊತೆ ನಿಂತು ಇತ್ತಲೇ ನೋಡುತ್ತಿದ್ದಳು. ಮೂರನೆಯ ಇಟ್ಟಿಗೆಗೆ ಅಡಿವೆವ್ವ ಎದ್ದು ನಿಂತಳು.

"ಉಚ್ಚಿ ಹೊಯ್ಯಾಕ್ರಿ!" ಎಂದು ಕೂಗಿದಳು. "ಉಚ್ಚಿ ಹೊಯ್ಯಾಕ ಮರೆ ಬೇಕು ಅಂದಿದ್ನಿ! ಬಾಗಲಾ ಚಿಲಕಾ ಇರೋ ಸಂಡಾಸ ಬೇಕು ಅಂದಿದ್ನಿ! ಹಾದಿಗೆ ಮರೆ ಬ್ಯಾಡ್ರಿ. ಹಾದ್ಯಾಗ ನಮ್ಮನ್ನ ನಾಕ ಮಂದಿ ನೋಡಬೇಕು, ಒದರಿದ್ರ ಕೇಳಬೇಕು!"

ಗಂಡಸರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ಹೌದ್ರಿ! ನಾವ ಕೇಳಿದ್ದು ಅದನ್ನ!" ಎಂದು ಅತ್ತಲಿಂದ ಕರೆವ್ವ ಒದರಿದಳು.

"ಮಾನಗೇಡಿ!" ಎಂದ ಗುತ್ತೆಪ್ಪ.

ವಾದಿರಾಜರ ಮುಖ ಕೆಂಪಾಗಿತ್ತು. "ಆಕಿಗೆ ಅನಬ್ಯಾಡ್ರಿ. ತಪ್ಪು ನಂದದ. ಅವತ್ತೇ ಬಾಯಿಬಿಟ್ಟು ಕೇಳಬೇಕಿತ್ತು," ಎಂದರು. ಕಟ್ಟಿದ್ದನ್ನು ಸೊಂಟದ ಮಟ್ಟಕ್ಕೆ ಇಳಿಸಲು ಮಕ್ತುಮಸಾಬನಿಗೆ ಹೇಳಿ, ಕಾಗದ ತಿರುವಿ ಪೆನ್ನು ತೆಗೆದರು. "ಸಂಡಾಸದ ಬಾಗಲಾ ಯಾವ ಕಡೆ ಇರಬೇಕು, ಈಗ ಹೇಳಿಬಿಡ್ರಿ."

"ಚಾದಂಗಡಿ ಕಡೆ ಮಾತ್ರ ಬ್ಯಾಡ್ರಿ. ಅಲ್ಲಿ ಗಂಡಸರು ಕುಂದರತಾರ."

ಅಷ್ಟರಲ್ಲಿ ಮಧುಶ್ರೀ ಓಡಿ ಬಂದಿದ್ದಳು. "ದೊಡ್ಡಪ್ಪಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ, "ಹಂಗಾದ್ರ ಸೋಮವಾರ ಕಾಲೇಜಿಗೆ ಹೋಗ್ಲೇನ?"

ಹತ್ತು ಜನರ ಕಣ್ಣು ಗುತ್ತೆಪ್ಪನ ಮೇಲೆ. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಹೋಗು," ಎಂದ. ಆಮೇಲೆ ಅಡಿವೆವ್ವನ ಕಡೆ ತಿರುಗಿದ. "ನೀ ಮಾತ್ರ ಇನ್ನ ಮ್ಯಾಲ ನನ್ನ ತಾಟಿಗೆ ಊಟ ನೀಡಬ್ಯಾಡ."

ಅಡಿವೆವ್ವ ಸೆರಗು ಹಿಂದಕ್ಕೆ ಸರಿಸಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಭಾವನ ಮುಖ ನೋಡಿದಳು.

"ಹೂಂರಿ," ಎಂದಳು. "ನೀವ ನೀಡ್ಕೋರಿ."